ಪಸೇಯೋ ರಸ್ತೆಗೆ ಕಿಂಗ್ ಹೆಸರು: ಕಾನ್ಸಾಸ್ ಸಿಟಿಯಲ್ಲಿ ನಡೆದದ್ದೇನು?

2019ರ ನವೆಂಬರ್ 5ರಂದು ಅಮೆರಿಕದ ಮಿಸ್ಸೂರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ ಜನ ಒಂದು ರಸ್ತೆಯ ಹೆಸರಿನ ಬಗ್ಗೆ ಮತ ಹಾಕಿದರು. ಅದೇ ವರ್ಷದ ಆರಂಭದಲ್ಲಿ ಪಸೇಯೋ ಅನ್ನುವ ಊರಿನ ಹೆಸರಾಂತ ರಸ್ತೆಗೆ ಕರಿಯರ ಹಕ್ಕುಗಳ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಹೆಸರು ಇಟ್ಟಿದ್ದರು. ಆ ಹೆಸರು ತೆಗೆದು ಹಳೆಯದನ್ನೇ ತರಬೇಕಾ ಅನ್ನೋದು ಪ್ರಶ್ನೆ. ಮತ ಹಾಕಿದವರಲ್ಲಿ ಹೆಚ್ಚು ಕಡಿಮೆ 70% ಜನ ತೆಗೆಯಿರಿ ಅಂದರು. ಕಿಂಗ್ ಹೆಸರಿನ ಹಲಗೆಗಳು ಕೆಳಗಿಳಿದವು.

ಸುದ್ದಿ ದೇಶದಾಚೆಗೂ ಹೋಯಿತು. ಕಿಂಗ್ ಹೆಸರಿನ ರಸ್ತೆ ಇಲ್ಲದ ಅಮೆರಿಕದ ದೊಡ್ಡ ನಗರಗಳ ಪಟ್ಟಿಗೆ ಕಾನ್ಸಾಸ್ ಸಿಟಿ ಮತ್ತೆ ಸೇರಿತು. ದೂರದಿಂದ ನೋಡಿದವರು ಇದನ್ನು ಜನಾಂಗದ್ವೇಷ ಅಂದರು. ಗೆದ್ದವರು ಇದು ಪ್ರಜಾಪ್ರಭುತ್ವ ಅಂದರು. ಇಡೀ ಪ್ರಕರಣವನ್ನು ಮೊದಲಿಂದ ಓದಿದರೆ ಎರಡು ಮಾತೂ ಅರ್ಧಕ್ಕೇ ನಿಲ್ಲುತ್ತವೆ. ಆ ರಸ್ತೆಯ ಪಕ್ಕದಲ್ಲಿ ದಿನಾ ಬದುಕುವ ಜನರನ್ನು ಅಧಿಕೃತವಾಗಿ, ಪ್ರತ್ಯೇಕವಾಗಿ ಯಾರೂ ಕೇಳಲೇ ಇಲ್ಲ. ಹೆಸರಿಟ್ಟ ತೀರ್ಮಾನದಲ್ಲೂ ಕೇಳಲಿಲ್ಲ, ತೆಗೆದ ಮತದಾನದಲ್ಲೂ ಕೇಳಲಿಲ್ಲ. ನನ್ನನ್ನು ಕಾಡುವುದು ಇದೇ.

ಊರು ಮತ್ತು ಅದರ ಗೆರೆ

ಕಾನ್ಸಾಸ್ ಸಿಟಿಯಲ್ಲಿ ಟ್ರೂಸ್ಟ್ ಅವೆನ್ಯೂ ಅಂತ ಒಂದು ರಸ್ತೆ ಇದೆ. ಉತ್ತರದಿಂದ ದಕ್ಷಿಣಕ್ಕೆ ನೇರವಾಗಿ ಹೋಗುತ್ತದೆ. ಬಹಳ ಕಾಲ ಅದರ ಪೂರ್ವಕ್ಕೆ ಕರಿಯರು, ಪಶ್ಚಿಮಕ್ಕೆ ಬಿಳಿಯರು ಅನ್ನುವ ಹಾಗಿತ್ತು. ಇದು ತಾನಾಗಿ ಆದದ್ದಲ್ಲ. ಜೆ.ಸಿ. ನಿಕೋಲ್ಸ್ ಅನ್ನುವ ದೊಡ್ಡ ಬಡಾವಣೆ ನಿರ್ಮಾಪಕ ಮನೆಗಳ ಕರಾರುಪತ್ರದಲ್ಲೇ ಕರಿಯರಿಗೆ ಮಾರಕೂಡದು ಎಂಬ ಷರತ್ತು ಬರೆಸುತ್ತಿದ್ದ. ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಆ ಕೇಸು ಬಂದದ್ದೂ ಮಿಸ್ಸೂರಿಯಿಂದಲೇ, ಸೇಂಟ್ ಲೂಯಿಸ್ ನಗರದಿಂದ. ತೀರ್ಪು ಬಂತು, ಗೆರೆ ಮಾತ್ರ ಅಳಿಯಲಿಲ್ಲ.

ಕಿಂಗ್ ಹೆಸರಿನ ಜೊತೆ ಈ ಊರಿಗೆ ಒಂದು ನೋವಿನ ನಂಟೂ ಇದೆ. 1968ರ ಏಪ್ರಿಲ್ 4ರಂದು ಕಿಂಗ್ ಕೊಲೆಯಾಯಿತು. ಏಪ್ರಿಲ್ 9ರಂದು ಅಂತ್ಯಕ್ರಿಯೆ. ಅವತ್ತು ಇಲ್ಲಿನ ಸರ್ಕಾರಿ ಶಾಲೆಗಳಿಗೆ ರಜೆ ಕೊಡಲಿಲ್ಲ. ಸೆಂಟ್ರಲ್, ಲಿಂಕನ್, ಮ್ಯಾನ್ಯುಯಲ್ ಹೈಸ್ಕೂಲುಗಳ ಕರಿಯ ಮಕ್ಕಳು ತರಗತಿ ಬಿಟ್ಟು ನಗರಸಭೆಯ ಕಡೆಗೆ ನಡೆದರು. ಪೊಲೀಸರು ಅಶ್ರುವಾಯು ಸಿಡಿಸಿದರು. ಊರು ಹೊತ್ತಿಕೊಂಡಿತು. ಕೆಲವು ದಿನಗಳಲ್ಲಿ ಆರು ಜನ ಸತ್ತರು. ಅದೇ ವರ್ಷ ಷಿಕಾಗೋ ನಗರ ತನ್ನ ಸೌತ್ ಪಾರ್ಕ್ ವೇಗೆ ಕಿಂಗ್ ಹೆಸರಿಟ್ಟಿತು. ಮುಂದಿನ ದಶಕಗಳಲ್ಲಿ ಅಮೆರಿಕದ ನೂರಾರು ಊರುಗಳು ಅದನ್ನೇ ಮಾಡಿದವು. ಒಂದು ದಿನದ ರಜೆ ಕೇಳಿದ ಮಕ್ಕಳ ಮೇಲೆ ಅಶ್ರುವಾಯು ಸಿಡಿದ ಈ ಊರು ಮಾತ್ರ ಐವತ್ತು ವರ್ಷ ಸುಮ್ಮನಿತ್ತು.

ಹಾಗಾಗಿ ಹೆಸರಿಡಬೇಕು ಎಂದವರ ಬೇಡಿಕೆ ನ್ಯಾಯವಾದದ್ದೇ. ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಮುಂದೆ ನಾನು ಯಾರನ್ನು ಟೀಕಿಸಿದರೂ ಇದು ಹಿನ್ನೆಲೆಯಲ್ಲಿ ಇರಲಿ.

ಪಸೇಯೋ ಯಾಕೆ ಅಷ್ಟು ಮುಖ್ಯ?

ಪಸೇಯೋ ಟ್ರೂಸ್ಟ್‌ನ ಪೂರ್ವಕ್ಕಿದೆ. ಸುಮಾರು 10 ಮೈಲಿ ಉದ್ದ. ಜಾರ್ಜ್ ಕೆಸ್ಲರ್ ಅನ್ನುವ ವಿನ್ಯಾಸಕಾರ 19ನೇ ಶತಮಾನದ ಕೊನೆಯಲ್ಲಿ ಈ ಊರಿಗೆ ಉದ್ಯಾನ ಮತ್ತು ಬುಲೆವಾರ್ಡ್‌ಗಳ, ಅಂದರೆ ಮರಸಾಲಿನ ಅಗಲ ರಸ್ತೆಗಳ, ಒಂದು ದೊಡ್ಡ ಯೋಜನೆ ಮಾಡಿದ. ಅದರಲ್ಲಿ ಮೊದಲಿಗೆ ಬಂದ ರಸ್ತೆಗಳಲ್ಲಿ ಇದೂ ಒಂದು. ಹೆಸರು ಬಂದದ್ದು ಮೆಕ್ಸಿಕೋ ನಗರದ ಪಸೇಯೋ ದೆ ಲಾ ರಿಫಾರ್ಮಾದಿಂದ. ನಡುವೆ ಮರಗಳು, ಕಾರಂಜಿಗಳು, ಕಂಬಸಾಲಿನ ಚಪ್ಪರ. ಮೊದಲು ಇದು ಶ್ರೀಮಂತ ಬಿಳಿಯರ ಅಂದದ ಬೀದಿ. ಆಮೇಲೆ ಅವರು ಪಶ್ಚಿಮಕ್ಕೂ ದಕ್ಷಿಣಕ್ಕೂ ಹೊರಟರು. ರಸ್ತೆ ಕರಿಯರ ಬದುಕಿನ ನಡುಬೀದಿಯಾಯಿತು.

ಹದಿನೆಂಟನೇ ರಸ್ತೆ ಮತ್ತು ವೈನ್ ರಸ್ತೆ ಸೇರುವ ಜಾಗದ ಸುತ್ತಮುತ್ತ, ಅಂದರೆ ಕಾನ್ಸಾಸ್ ಸಿಟಿಯ ಜಾಝ್ ಹುಟ್ಟಿ ಬೆಳೆದ ಕೇರಿ, ಪಸೇಯೋಗೆ ಅಂಟಿಕೊಂಡೇ ಇದೆ. 1920ರ ಫೆಬ್ರುವರಿಯಲ್ಲಿ ಪಸೇಯೋ ವೈಎಂಸಿಎ ಕಟ್ಟಡದಲ್ಲಿ ರೂಬ್ ಫಾಸ್ಟರ್ ಮತ್ತು ಬೇರೆ ತಂಡಗಳ ಮಾಲೀಕರು ಕೂತು ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದರು. ಬಿಳಿಯರ ಬೇಸ್‌ಬಾಲ್ ಕರಿಯ ಆಟಗಾರರನ್ನು ಒಳಗೆ ಬಿಡದಿದ್ದಾಗ ಅವರು ಕಟ್ಟಿಕೊಂಡ ಸ್ವಂತ ಲೀಗ್ ಅದು. ಸುತ್ತಿನ ಕರಿಯ ಕುಟುಂಬಗಳಿಗೆ ಪಸೇಯೋ ಅನ್ನುವ ಹೆಸರಿನಲ್ಲಿ ಅಜ್ಜ ಅಜ್ಜಿಯ ನೆನಪು, ಚರ್ಚು, ಶಾಲೆ ಎಲ್ಲ ಸೇರಿಹೋಗಿತ್ತು.

ಇಲ್ಲೇ ಪ್ರಕರಣದ ಗಂಟು ಇರುವುದು. ಕರಿಯರ ಪಾಲಿಗೆ ಗೌರವದ ಹೆಸರನ್ನು ತರಲು ಹೋಗಿ, ಕರಿಯರ ಪಾಲಿಗೇ ಪ್ರೀತಿಯ ಇನ್ನೊಂದು ಹೆಸರನ್ನು ಅಳಿಸಬೇಕಾಯಿತು. ಹೊರಗಿನವರಿಗೆ ಪಸೇಯೋ ಬರೀ ಒಂದು ಸ್ಪ್ಯಾನಿಷ್ ಪದ. ಒಳಗಿನವರಿಗೆ ಹಾಗಲ್ಲ ಅಲ್ವಾ?

ಹೆಸರು ಬಂದ ದಾರಿ

ಬೇಡಿಕೆ ಇಟ್ಟವರಲ್ಲಿ ಮುಂದಿದ್ದವರು ಊರಿನ ಕರಿಯ ಪಾದ್ರಿಗಳು ಮತ್ತು ಸದರ್ನ್ ಕ್ರಿಶ್ಚಿಯನ್ ಲೀಡರ್‌ಶಿಪ್ ಕಾನ್ಫರೆನ್ಸ್‌ನ ಸ್ಥಳೀಯ ಶಾಖೆ. ಕಿಂಗ್ ಅವರೇ ಮೊದಲ ಅಧ್ಯಕ್ಷರಾಗಿದ್ದ ಸಂಘಟನೆ ಅದು. ಶಾಖೆಯ ಮುಖ್ಯಸ್ಥರು ರೆವರೆಂಡ್ ವರ್ನನ್ ಹೋವರ್ಡ್. ಅವರ ಬೆನ್ನಿಗೆ ಸಂಸದ ಇಮ್ಯಾನ್ಯುಯಲ್ ಕ್ಲೀವರ್ ನಿಂತರು. ಕ್ಲೀವರ್ ಹಿಂದೆ ಈ ಊರಿನ ಮೊದಲ ಕರಿಯ ಮೇಯರ್ ಆಗಿದ್ದವರು, ಸ್ವತಃ ಪಾದ್ರಿ. ಅವರ ಹೆಸರಿನಲ್ಲಿ ಊರಲ್ಲಿ ಆಗಲೇ ಒಂದು ಬುಲೆವಾರ್ಡ್ ಇತ್ತು. ಬದುಕಿರುವ ಮಾಜಿ ಮೇಯರ್‌ಗೆ ರಸ್ತೆ ಇತ್ತು, ಕಿಂಗ್‌ಗೆ ಇರಲಿಲ್ಲ. ಊರಿನ ಕೊರತೆ ಎಷ್ಟು ದೊಡ್ಡದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೊದಲು ಪಾದ್ರಿಗಳು ಹೋದದ್ದು ನಗರದ ಉದ್ಯಾನ ಮಂಡಳಿಯಾದ ಪಾರ್ಕ್ಸ್ ಬೋರ್ಡ್ ಬಳಿ. ಬುಲೆವಾರ್ಡ್‌ಗಳು ಆ ಮಂಡಳಿಯ ಕೈಯಲ್ಲಿವೆ. ಮಂಡಳಿ ಒಪ್ಪಲಿಲ್ಲ. ಈ ಊರಿಗೆ ದೊಡ್ಡ ಕೊಡುಗೆ ಕೊಟ್ಟವರ ಹೆಸರನ್ನೇ ಇಡುವುದು ತನ್ನ ಹಳೆಯ ರೂಢಿ ಅಂದಿತು. ಅಂದರೆ ಕಿಂಗ್ ಸ್ಥಳೀಯರಲ್ಲ. ಸ್ಥಳೀಯರಿಗೆ ಆದ್ಯತೆ ಕೊಡುವ ನಿಯಮ ತಪ್ಪೇನಲ್ಲ. ಆದರೆ ಕಿಂಗ್ ವಿಷಯದಲ್ಲಿ ಅದನ್ನು ಗುರಾಣಿ ಮಾಡಿಕೊಂಡದ್ದು ನನಗೆ ಒಪ್ಪಿಗೆಯಿಲ್ಲ. 1968ರ ಏಪ್ರಿಲ್‌ನಲ್ಲಿ ಈ ಊರಿನ ಮಕ್ಕಳು ಯಾರಿಗಾಗಿ ಬೀದಿಗಿಳಿದರು? ಊರಿನ ಬದುಕನ್ನೇ ಬದಲಿಸಿದ ಮನುಷ್ಯ ಅಲ್ಲಿ ಹುಟ್ಟಿದ್ದಾನೋ ಇಲ್ಲವೋ ಅಂತ ನೋಡುವುದು ಕಾಗದದ ಲೆಕ್ಕ ಅಷ್ಟೇ.

2018ರಲ್ಲಿ ಮೇಯರ್ ಸ್ಲೈ ಜೇಮ್ಸ್ ಒಂದು ಸಮಿತಿ ಮಾಡಿದರು. ಅದು ಊರೆಲ್ಲ ಸಭೆ ನಡೆಸಿತು. ವಿಮಾನ ನಿಲ್ದಾಣದ ಹೊಸ ಟರ್ಮಿನಲ್, 63ನೇ ರಸ್ತೆ ಇವೆಲ್ಲ ಚರ್ಚೆಗೆ ಬಂದವು. 63ನೇ ರಸ್ತೆ ಪೂರ್ವ ಪಶ್ಚಿಮವಾಗಿ ಟ್ರೂಸ್ಟ್ ಗೆರೆಯನ್ನು ದಾಟುತ್ತದೆ ಅನ್ನೋದನ್ನು ಇಲ್ಲಿ ಗಮನಿಸಬೇಕು. ಆದರೆ ಪಾದ್ರಿಗಳ ಮನಸ್ಸು ಪಸೇಯೋ ಮೇಲೇ ಇತ್ತು.

2019ರ ಜನವರಿಯಲ್ಲಿ ನಗರ ಕೌನ್ಸಿಲ್ 8-4 ಮತಗಳಿಂದ ಪಸೇಯೋಗೆ ಕಿಂಗ್ ಹೆಸರು ಕೊಟ್ಟಿತು. ಕೊಡುವಾಗ ಒಂದು ನಿಯಮವನ್ನು ಪಕ್ಕಕ್ಕಿಟ್ಟಿತು. ರಸ್ತೆಯ ಹೆಸರು ಬದಲಿಸಬೇಕಾದರೆ ಅದರ ಪಕ್ಕದ ಆಸ್ತಿ ಮಾಲೀಕರಲ್ಲಿ 75% ಜನರ ಒಪ್ಪಿಗೆ ಬೇಕು ಅನ್ನುವ ನಿಯಮ ಅದು.

ನಾನು ಇಡೀ ಪ್ರಕರಣದಲ್ಲಿ ಜಾಸ್ತಿ ಹೊತ್ತು ನಿಂತು ಯೋಚಿಸಿದ್ದು ಈ ಒಂದು ತೀರ್ಮಾನದ ಬಗ್ಗೆ. ಕೌನ್ಸಿಲ್ ಕಡೆಯಿಂದ ನೋಡಿದರೆ ಕಾರಣ ಅರ್ಥವಾಗುತ್ತದೆ. 10 ಮೈಲಿ ರಸ್ತೆಯಲ್ಲಿ 75% ಮಾಲೀಕರ ಸಹಿ ಸೇರಿಸುವುದು ಆಗದ ಮಾತು. ನಿಯಮ ಪಾಲಿಸಿದ್ದರೆ ಹೆಸರು ಇನ್ನೂ ಐವತ್ತು ವರ್ಷ ಬರುತ್ತಿರಲಿಲ್ಲ. ಅಲ್ಲದೆ ಆ ನಿಯಮ ಮಾಲೀಕರನ್ನು ಮಾತ್ರ ಕೇಳುತ್ತದೆ. ಬಾಡಿಗೆ ಮನೆಯಲ್ಲಿ ಮೂವತ್ತು ವರ್ಷದಿಂದ ಇರುವ ಅಜ್ಜಿಗೆ ಅದರಲ್ಲಿ ಜಾಗವಿಲ್ಲ. ಬೇರೆ ಊರಲ್ಲಿ ಕೂತು ಬಾಡಿಗೆ ಎಣಿಸುವವನಿಗೆ ಇದೆ. ಹಾಗಾಗಿ ನಿಯಮ ಕೆಟ್ಟದ್ದು ಅನ್ನಬಹುದು.

ಕೆಟ್ಟ ನಿಯಮ ತೆಗೆದಾಗ ಅದರ ಜಾಗಕ್ಕೆ ಒಳ್ಳೆಯದು ಬರಬೇಕಿತ್ತು. ಮನೆ ಮನೆಗೆ ಒಂದು ಪತ್ರ ಹೋಗಬಹುದಿತ್ತು. ಬಾಡಿಗೆಯವರನ್ನೂ ಸೇರಿಸಿ ಒಂದು ಸಮೀಕ್ಷೆ ಮಾಡಬಹುದಿತ್ತು. ವಿಳಾಸ ಬದಲಾದಾಗ ಲೈಸೆನ್ಸ್, ಬ್ಯಾಂಕು, ಅಂಗಡಿ ಬೋರ್ಡು ಬದಲಿಸುವ ಖರ್ಚಿಗೆ ಏನು ಮಾಡುತ್ತೇವೆ ಅಂತ ಹೇಳಬಹುದಿತ್ತು. ಒಪ್ಪಿಗೆಯ ಕಾಗದ ಇಲ್ಲದೆ ಬಂದ ಹಲಗೆ, ಒಪ್ಪುತ್ತಿದ್ದವರಿಗೂ ಹೇರಿಕೆಯಂತೆ ಕಂಡಿತು.

ಚರ್ಚಿನೊಳಗಿನ ಆ ಭಾನುವಾರ

ಹೊಸ ಹಲಗೆಗಳು ಬರುವ ಹೊತ್ತಿಗೇ ಸೇವ್ ದ ಪಸೇಯೋ ಅನ್ನುವ ಗುಂಪು ಸಹಿ ಸಂಗ್ರಹ ಶುರು ಮಾಡಿತ್ತು. ಬೇಕಿದ್ದದ್ದು 1,700 ಸಹಿ. ಸೇರಿದ್ದು 2,857. ವಿಷಯ ಮತಪೆಟ್ಟಿಗೆಗೆ ಹೋಯಿತು.

ನಮಗೆ ಕಿಂಗ್ ಮೇಲೆ ಗೌರವವಿದೆ, ವಿಧಾನದ ಮೇಲೆ ತಕರಾರು ಅಂತ ಗುಂಪಿನವರು ಹೇಳುತ್ತಿದ್ದರು. ಗುಂಪಿನಲ್ಲಿ ಬಿಳಿಯರೇ ಹೆಚ್ಚು, ಕರಿಯರ ಬಡಾವಣೆಯ ಹೆಸರನ್ನು ಇವರು ಯಾಕೆ ತೀರ್ಮಾನಿಸಬೇಕು ಅಂತ ಪಾದ್ರಿಗಳು ಕೇಳುತ್ತಿದ್ದರು. ಹೋವರ್ಡ್ ಅವರ ವಾದದಲ್ಲಿ ಒಂದು ಮಾತು ನನ್ನ ಮನಸ್ಸಿಗೆ ನಾಟಿತು. ಬಡ ಬಡಾವಣೆಯಲ್ಲಿ ಬೆಳೆಯುವ ಕರಿಯ ಮಗುವಿಗೆ ಕಣ್ಣೆದುರು ಮಾದರಿಗಳು ಕಡಿಮೆ, ಆ ಹಲಗೆಯ ಮೇಲಿನ ಹೆಸರು ಅಂಥ ಮಗುವಿಗೆ ಏನು ಅನ್ನೋದು ಆ ಬದುಕು ಬದುಕಿದವರಿಗಷ್ಟೇ ತಿಳಿಯುತ್ತದೆ ಅನ್ನುವುದು ಅವರ ಮಾತಿನ ಸಾರ.

ಮತದಾನಕ್ಕೆ ಎರಡು ದಿನ ಮುಂಚೆ, ಭಾನುವಾರ, ಪಸೇಯೋ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಕಿಂಗ್ ಹೆಸರು ಉಳಿಸಿ ಎನ್ನುವವರ ಸಭೆ ಸೇರಿತ್ತು. ಸೇವ್ ದ ಪಸೇಯೋ ಗುಂಪಿನವರು ಒಳಗೆ ಬಂದರು. ಕೂರಲಿಲ್ಲ. ಬೆಂಚುಗಳ ನಡುವಿನ ಎರಡು ಓಣಿಗಳ ಉದ್ದಕ್ಕೂ ಸಾಲಾಗಿ ನಿಂತರು. ಒಂದು ಮಾತಿಲ್ಲ. ವೇದಿಕೆಯಿಂದ ಪಾದ್ರಿಗಳು ದಯವಿಟ್ಟು ಕೂತುಕೊಳ್ಳಿ ಅಂದರು. ಕೂರಲಿಲ್ಲ. ಇದು ದೇವರ ಮನೆ, ಇದು ಅವಮಾನ ಅಂತ ಭಾಷಣಕಾರರು ಹೇಳಿದರು. ಆಗಲೂ ಬಾಯಿ ಬಿಡಲಿಲ್ಲ.

ಮೌನವಾಗಿ ನಿಲ್ಲುವುದು ನಾಗರಿಕ ಹಕ್ಕುಗಳ ಚಳವಳಿಯದ್ದೇ ವಿಧಾನ. ಆದರೆ ಆ ಚಳವಳಿಯ ಮಕ್ಕಳು ಮೌನವಾಗಿ ಹೋಗಿ ಕೂತದ್ದು ಅವರನ್ನು ಒಳಗೆ ಬಿಡದ ಹೋಟೆಲುಗಳಲ್ಲಿ. ಬಲ ಇಲ್ಲದವರು ಬಲ ಇದ್ದವರ ಜಾಗದಲ್ಲಿ ಮಾಡಿದ್ದು ಅದು. ಕರಿಯರ ಚರ್ಚು ಅಮೆರಿಕದಲ್ಲಿ ಅವರಿಗೆ ಸ್ವಂತದ್ದೆಂದು ಉಳಿದ ಕೆಲವೇ ಜಾಗಗಳಲ್ಲಿ ಒಂದು. ಅದರ ಓಣಿಯಲ್ಲಿ ಹೋಗಿ ಕೋಟೆಗೋಡೆಯ ಹಾಗೆ ನಿಂತದ್ದು ತಪ್ಪು. ಅವರ ವಾದದಲ್ಲಿ ಎಷ್ಟೇ ನ್ಯಾಯವಿದ್ದರೂ ಇದು ತಪ್ಪು ಅಂತಲೇ ನನ್ನ ಅಭಿಪ್ರಾಯ.

ಎರಡು ದಿನದ ನಂತರ ಇಡೀ ನಗರ ಮತ ಹಾಕಿತು. ಈ ಊರಲ್ಲಿ ಕರಿಯರು ಅಲ್ಪಸಂಖ್ಯಾತರು. ರಸ್ತೆ ಇರುವುದು ಪೂರ್ವದಲ್ಲಿ, ಮತಗಳು ಬಂದದ್ದು ಎಲ್ಲ ದಿಕ್ಕಿನಿಂದ. ಪಸೇಯೋದಲ್ಲಿ ಒಂದು ದಿನವೂ ನಡೆಯದವರಿಗೂ ಒಂದು ಮತ, ಅಲ್ಲಿ ಮನೆ ಇರುವವರಿಗೂ ಒಂದೇ ಮತ. ಜನವರಿಯಲ್ಲಿ ಕೌನ್ಸಿಲ್ ನಿವಾಸಿಗಳನ್ನು ಬದಿಗೆ ಸರಿಸಿತು. ನವೆಂಬರ್‌ನಲ್ಲಿ ಊರಿನ ಬಹುಮತ ಅವರನ್ನು ಮುಳುಗಿಸಿತು.

ಸ್ಥಳೀಯ ನಾಯಕನ ಹೆಸರಿನ ಇನ್ನೊಂದು ರಸ್ತೆ

ಹಾಗಾದರೆ ಸ್ಥಳೀಯ ನಾಯಕನ ಹೆಸರಿಟ್ಟರೆ ಎಲ್ಲ ಸರಿಹೋಗುತ್ತಾ? ಇದೇ ಊರಲ್ಲಿ ಅದಕ್ಕೂ ಉದಾಹರಣೆ ಇದೆ. ಇದರ ಚರ್ಚೆ ತುಂಬ ಕಡಿಮೆ.

ಬ್ರೂಸ್ ಆರ್. ವಾಟ್ಕಿನ್ಸ್ ಕಾನ್ಸಾಸ್ ಸಿಟಿಯ ಕರಿಯರ ರಾಜಕಾರಣ ಕಟ್ಟಿದವರು. 1962ರಲ್ಲಿ ಲಿಯಾನ್ ಜೋರ್ಡನ್ ಜೊತೆ ಸೇರಿ ಫ್ರೀಡಂ ಇನ್‌ಕಾರ್ಪೊರೇಟೆಡ್ ಅನ್ನುವ ಸಂಘಟನೆ ಶುರು ಮಾಡಿದರು. ಕರಿಯರ ಮತಗಳನ್ನು ಒಟ್ಟುಗೂಡಿಸುವುದು ಅದರ ಕೆಲಸ. ಮುಂದಿನ ವರ್ಷವೇ ವಾಟ್ಕಿನ್ಸ್ ನಗರ ಕೌನ್ಸಿಲ್ ಸೇರಿದರು. ಆ ಕೌನ್ಸಿಲ್‌ಗೆ ಆರಿಸಿಬಂದ ಮೊದಲ ಕರಿಯರಲ್ಲಿ ಅವರೂ ಒಬ್ಬರು. 1964ರಲ್ಲಿ ಹೋಟೆಲು, ಅಂಗಡಿಗಳಲ್ಲಿ ಬಣ್ಣ ನೋಡಿ ತಡೆಯಕೂಡದು ಎಂಬ ನಗರ ಕಾನೂನು ಜನರ ಮತಕ್ಕೆ ಬಂದು ಸಣ್ಣ ಅಂತರದಿಂದ ಗೆದ್ದಿತು. ಆ ಅಂತರ ಬಂದದ್ದು ಫ್ರೀಡಂ ಸಂಘಟನೆಯವರು ಮನೆ ಮನೆಗೆ ಹೋಗಿ ಜನರನ್ನು ಮತಗಟ್ಟೆಗೆ ಕರೆತಂದದ್ದರಿಂದ. ಜೋರ್ಡನ್ ಅವರನ್ನು 1970ರ ಜುಲೈನಲ್ಲಿ ಗುಂಡಿಟ್ಟು ಕೊಂದರು. ವಾಟ್ಕಿನ್ಸ್ 1979ರಲ್ಲಿ ಮೇಯರ್ ಚುನಾವಣೆಗೆ ನಿಂತು ಸೋತರು, ಮರುವರ್ಷ ತೀರಿಕೊಂಡರು.

ಅವರ ನೆನಪಿಗೆ ಹೆಸರಿಟ್ಟದ್ದು ಯಾವುದಕ್ಕೆ ಗೊತ್ತಾ? ಯು.ಎಸ್. 71 ಹೆದ್ದಾರಿಯ ನಗರದೊಳಗಿನ ಭಾಗಕ್ಕೆ. ಈ ಹೆದ್ದಾರಿಯ ಯೋಜನೆ 1950ರ ದಶಕದ್ದು. ಅದು ಹಾದುಹೋಗಬೇಕಾದ ದಾರಿಯಲ್ಲಿದ್ದದ್ದು ಪೂರ್ವದ ಬಡಾವಣೆಗಳು. ಸಾವಿರಾರು ಜನ ಮನೆ ಬಿಟ್ಟರು. 1970ರ ದಶಕದಲ್ಲಿ ನಿವಾಸಿಗಳು ಕೋರ್ಟಿಗೆ ಹೋದರು. 1985ರಲ್ಲಿ ಕೋರ್ಟಿನ ಮುಂದೆ ಒಪ್ಪಂದವಾಯಿತು. ಅದರ ಫಲವಾಗಿ ದಕ್ಷಿಣದ ತುಂಡಿನಲ್ಲಿ 55ನೇ ರಸ್ತೆ, 59ನೇ ರಸ್ತೆ, ಗ್ರೆಗರಿ ಬುಲೆವಾರ್ಡ್ ಬಳಿ ಟ್ರಾಫಿಕ್ ಸಿಗ್ನಲ್ ಇದೆ. ಹೆದ್ದಾರಿಯಲ್ಲಿ ಬರುವ ಗಾಡಿ ಅಲ್ಲಿ ನಿಲ್ಲಲೇಬೇಕು. ರಸ್ತೆ ಪೂರ್ತಿಯಾದದ್ದು 2001ರಲ್ಲಿ.

ಕರಿಯರ ಹಕ್ಕಿಗಾಗಿ ದುಡಿದವರ ಹೆಸರು, ಕರಿಯರ ಮನೆಗಳನ್ನು ಕೆಡವಿ ಹಾಕಿದ ಹೆದ್ದಾರಿಯ ಮೇಲೆ. ಇದನ್ನು ಓದಿದಾಗ ನನಗೆ ಹೊಟ್ಟೆ ಉರಿಯಿತು. ಹೆಸರು ಸ್ಥಳೀಯವೇ, ಮನುಷ್ಯ ಅರ್ಹನೇ, ಪಾರ್ಕ್ಸ್ ಬೋರ್ಡ್‌ನ ರೂಢಿಯ ಪ್ರಕಾರ ಎಲ್ಲ ಸರಿ. ಆದರೂ ಈ ಗೌರವದಲ್ಲಿ ಏನೋ ತಿರುವುಮುರುವಾಗಿದೆ. ಈಗ ನಗರವೇ ಈ ಹೆದ್ದಾರಿ ಸೀಳಿದ ಬಡಾವಣೆಗಳನ್ನು ಮತ್ತೆ ಹೇಗೆ ಜೋಡಿಸುವುದು ಅಂತ ಅಧ್ಯಯನ ಕೈಗೆತ್ತಿಕೊಂಡಿದೆ.

2021ರ ರಸ್ತೆ

ಪಸೇಯೋ ಮತದಾನದ ನಂತರ ಊರು ಸುಮ್ನೆ ಕೂರಲಿಲ್ಲ. 2020ರ ಮೇ ತಿಂಗಳಲ್ಲಿ ದೂರದ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬನ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕರಿಯನ ಕೊಲೆಯಾಯಿತು. ಅದರ ಬಿಸಿ ಇಲ್ಲಿಗೂ ತಟ್ಟಿತು. ಆ ಬೇಸಿಗೆಯಲ್ಲೇ ಪಾರ್ಕ್ಸ್ ಬೋರ್ಡ್ ಆ ಬಡಾವಣೆ ನಿರ್ಮಾಪಕ ಜೆ.ಸಿ. ನಿಕೋಲ್ಸ್ ಹೆಸರನ್ನು ರಸ್ತೆಯಿಂದಲೂ ಕಾರಂಜಿಯಿಂದಲೂ ತೆಗೆಯಿತು. 2021ರಲ್ಲಿ ಅದೇ ಮಂಡಳಿ ವೋಲ್ಕರ್ ಬುಲೆವಾರ್ಡ್, ಸ್ವೋಪ್ ಪಾರ್ಕ್‌ವೇ, ಬ್ಲೂ ಪಾರ್ಕ್‌ವೇ ಸೇರಿಸಿ ಸುಮಾರು 5 ಮೈಲಿ ಉದ್ದದ ರಸ್ತೆಗೆ ಕಿಂಗ್ ಹೆಸರಿಟ್ಟಿತು. ಮೊದಲು ಬೇಡ ಅಂದಿದ್ದ ಮಂಡಳಿಯೇ ಈಗ ಮುಂದೆ ನಿಂತು ಮಾಡಿತು. ಈ ಸಲ ದೊಡ್ಡ ಜಗಳವಾಗಲಿಲ್ಲ.

ನಕ್ಷೆ ಬಿಡಿಸಿ ನೋಡಿದರೆ ಈ ಆಯ್ಕೆ ಪಸೇಯೋಗಿಂತ ಚೆನ್ನಾಗಿದೆ ಅನ್ನಿಸುತ್ತದೆ. ಪಸೇಯೋ ಟ್ರೂಸ್ಟ್ ಗೆರೆಗೆ ಸಮಾನಾಂತರವಾಗಿ, ಪೂರ್ವದಲ್ಲೇ ಉಳಿಯುತ್ತದೆ. ಹೊಸ ರಸ್ತೆ ಬ್ರಷ್ ಕ್ರೀಕ್ ಅನ್ನುವ ಹಳ್ಳದ ಜೊತೆಗೆ ಅಡ್ಡಡ್ಡ ಸಾಗುತ್ತದೆ. ಪಶ್ಚಿಮದಲ್ಲಿ ವಿಶ್ವವಿದ್ಯಾಲಯದ ಬಳಿ ಶುರುವಾಗಿ ಟ್ರೂಸ್ಟ್ ದಾಟಿ, ಪಸೇಯೋ ದಾಟಿ, ವಾಟ್ಕಿನ್ಸ್ ಹೆದ್ದಾರಿಯನ್ನೂ ದಾಟಿ ಪೂರ್ವಕ್ಕೆ ಹೋಗುತ್ತದೆ. ಕಿಂಗ್ ಹೆಸರಿನ ರಸ್ತೆ ಕರಿಯರ ಬಡಾವಣೆಯೊಳಗೇ ಇರಬೇಕು ಅನ್ನುವ ಅಮೆರಿಕದ ಅಭ್ಯಾಸವನ್ನು ಇದು ಸ್ವಲ್ಪವಾದರೂ ಮುರಿಯಿತು. ಹೋದ ಹೆಸರುಗಳೂ ಯಾರಿಗೂ ಪಸೇಯೋದಷ್ಟು ಹತ್ತಿರದವಾಗಿರಲಿಲ್ಲ.

ಆದರೂ ಪಾದ್ರಿಗಳಿಗೆ ಆದ ಗಾಯ ಇದರಿಂದ ವಾಸಿಯಾಯಿತು ಅಂತ ನಾನು ಹೇಳಲಾರೆ. ಹಾಕಿದ ಹಲಗೆಯನ್ನು ಇಳಿಸಿದ್ದು ಹಾಕದೇ ಇದ್ದದ್ದಕ್ಕಿಂತ ಕೆಟ್ಟದ್ದು. ಅದನ್ನು ನೋಡಿದ ಮಕ್ಕಳು ಆ ಬಡಾವಣೆಯಲ್ಲಿ ಇದ್ದಾರೆ.

ಬೇರೆ ಊರುಗಳಲ್ಲಿ ಈಗ ಇಂಥದ್ದೇ ಕೆಲಸಕ್ಕೆ ಕೂತಿರುವ ಸಮಿತಿಗಳಿಗೆ ಈ ಪ್ರಕರಣದಿಂದ ಸಿಗುವ ಮೊದಲ ಕೆಲಸ ರಸ್ತೆ ಆರಿಸುವುದಲ್ಲ. ಅದಕ್ಕೂ ಮುಂಚೆ, ಯಾರ ಒಪ್ಪಿಗೆ ಬೇಕು ಅನ್ನುವ ನಿಯಮವನ್ನು ತಿದ್ದಿಕೊಳ್ಳಬೇಕು. ಮಾಲೀಕರ ಜೊತೆ ಬಾಡಿಗೆಯವರೂ ಬರಲಿ. 75% ಅನ್ನುವ ಬೆಟ್ಟ ಬೇಡ, ಅರ್ಧಕ್ಕಿಂತ ಹೆಚ್ಚು ಸಾಕು. ಬಡಾವಣೆಯ ಮತವನ್ನು ಊರಿನ ಮತದ ಜೊತೆ ಬೆರೆಸದೆ ಬೇರೆಯಾಗಿ ಎಣಿಸಿ, ಬೇರೆಯಾಗಿಯೇ ಪ್ರಕಟಿಸಬೇಕು. ವಿಳಾಸ ಬದಲಾವಣೆಯ ಖರ್ಚನ್ನು ನಗರವೇ ಹೊರಬೇಕು. ಹಳೆಯ ಹೆಸರನ್ನೂ ಕೆಲವು ವರ್ಷ ಅದೇ ಕಂಬದ ಮೇಲೆ ಚಿಕ್ಕ ಅಕ್ಷರದಲ್ಲಿ ಉಳಿಸಬೇಕು. ಇಷ್ಟು ಮಾಡಿದ ಮೇಲೂ ಆ ಬೀದಿಯ ಜನ ಬೇಡ ಅಂದರೆ ಆ ರಸ್ತೆಯನ್ನು ಬಿಟ್ಟು ಬೇರೆ ರಸ್ತೆ ಹುಡುಕಬೇಕು. ಹುಡುಕುವುದನ್ನು ಮಾತ್ರ ನಿಲ್ಲಿಸಕೂಡದು.